ಎಡಗಾಲಿಗೊಂದು ಪೆಡಲ್

ನನ್ನ ಎಡಮಂಡಿ ಪೂರ್ತಿ ಮಡಚುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಮನೆಯ ಟಗರೊಂದು ಗುಮ್ಮಿದ್ದು. ಅದರ ಮುಂದೆ ನೀರಿನ ಬಾನಿ ಇಡಲು ಬಗ್ಗಿದ್ದೆ, ಅಷ್ಟೇ. ಟಗರು ಮುಂದಿನ ಸಂತೆಯಲ್ಲಿ ಮಾರಿಹೋಯಿತು, ಮಂಡಿ ನನ್ನ ಬಳಿಯೇ ಉಳಿಯಿತು. ಅಂದಿನಿಂದ ನಾನು ಏನು ಮಾಡಬಹುದು, ಏನು ಮಾಡಬಾರದು ಎಂದು ಹೇಳುವ ಹಕ್ಕು ನಾನು ನಡೆಯುವುದನ್ನು ನೋಡಿದವರಿಗೆಲ್ಲ ಬಂದುಬಿಟ್ಟಿತು. ಸೈಕಲ್ ತುಳಿಯಬೇಡ, ಏಣಿ ಹತ್ತಬೇಡ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರಬೇಡ. ಹೊರೆಯ ವಿಷಯದಲ್ಲಿ ಮಾತ್ರ ಯಾರೂ ಹೆಚ್ಚು ಹಠ ಮಾಡಲಿಲ್ಲ, ಹೊತ್ತರೆ ಸುಮ್ಮನಿದ್ದರು.

ನನ್ನ ತವರು ರಾಯದುರ್ಗ. ಕೊಟ್ಟದ್ದು ಮಡಕಶಿರಾ ಕಡೆಗೆ, ಗುಡಿಬಂಡೆಗೂ ಅಗಳಿಗೂ ನಡುವಿನ ಒಂದು ಹಳ್ಳಿಗೆ. ನನ್ನ ಗಂಡನದು ಕುರಿ, ನನ್ನದು ರೇಷ್ಮೆ. ಅವರು ಹಿಂಡಿನ ಹಿಂದೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಗೂಡು ಬಿಡಿಸಿದ ಮೇಲೆ ಅದನ್ನು ಹಿಂದೂಪುರದ ಮಾರುಕಟ್ಟೆಗೆ ಸಾಗಿಸುವವರು ಬೇಕು, ಸುಮ್ಮನೆ ಇಟ್ಟುಕೊಂಡರೆ ಚಿಟ್ಟೆ ಕೊರೆದುಕೊಂಡು ಹೊರಗೆ ಬರುತ್ತದೆ. ನಾನು ಊರಿನ ಆಟೋದವರ ಮನೆ ಬಾಗಿಲಲ್ಲಿ ನಿಂತು ಸಾಕಾಗಿದ್ದೆ. ಆಗ ರಾಯದುರ್ಗದ ನಮ್ಮಣ್ಣ ಒಂದು ಹಳೆಯ ಪಿಕಪ್ಪಿನ ಸುದ್ದಿ ಹೇಳಿದ. ಓಬಳಾಪುರದ ಕಡೆ ಗಣಿಗಳು ಜೋರಾಗಿದ್ದ ಕಾಲದಲ್ಲಿ ಯಾರೋ ಹೊರದೇಶದಿಂದ ತರಿಸಿದ್ದು, ಕೆಂಪು ಧೂಳು ಹೊದ್ದು ಒಂದು ಶೆಡ್ಡಿನಲ್ಲಿ ನಿಂತಿತ್ತು. ಅದಕ್ಕೆ ಕ್ಲಚ್ ಇರಲಿಲ್ಲ. ಗೇರನ್ನು ತಾನೇ ಬದಲಾಯಿಸಿಕೊಳ್ಳುವ ಗಾಡಿ, ಬಲಗಾಲೊಂದಿದ್ದರೆ ಸಾಕು. ನನ್ನ ಗಂಡ ಅದನ್ನು ನನಗೆಂದೇ ತಂದರು.

ನಮ್ಮ ಕಡೆ ಅಂಥ ಗಾಡಿಯನ್ನು ಯಾರೂ ನೋಡಿರಲಿಲ್ಲ. ಕುಂಟಿ ಗಾಡಿ ಎಂದು ಹೆಸರಿಟ್ಟರು. ಗಾಡಿಗೂ ಎಡಗಾಲು ಬೇಡ, ಅದರ ಯಜಮಾನಿಗೂ ಇಲ್ಲ, ಒಳ್ಳೆ ಜೋಡಿ ಎಂದು ಅರಳಿಕಟ್ಟೆಯವರು ನಕ್ಕರು. ನಗಲಿ ಎಂದು ಬಿಟ್ಟೆ. ಲೈಸೆನ್ಸ್ ಮಾಡಿಸಿಕೊಂಡೆ, ಗೂಡು ಹೊತ್ತೆ, ಕುರಿ ಹೊತ್ತೆ, ನಕ್ಕವರ ಮನೆಯ ಬಾಣಂತಿಯರನ್ನೂ ಆಸ್ಪತ್ರೆಗೆ ಹೊತ್ತೆ. ಸ್ಟೇರಿಂಗ್ ಹಿಡಿದಾಗ ನಾನು ಕುಂಟುತ್ತೇನೆಂದು ಯಾರಿಗೂ ಕಾಣುತ್ತಿರಲಿಲ್ಲ. ಆ ಸುಖಕ್ಕೆ ನಾನು ಬಹಳ ಬೇಗ ಒಗ್ಗಿಕೊಂಡೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಆ ಗಾಡಿಯನ್ನು ಕೊಂದದ್ದು ನಮ್ಮೂರಿನ ಒಳ್ಳೆಯತನ. ನಮ್ಮಲ್ಲಿ ಯಾವ ಗಾಡಿ ನಿಂತರೂ ಅದಕ್ಕೆ ಒಂದೇ ಮದ್ದು. ಮೊದಲು ತಳ್ಳುವುದು, ಎಂಜಿನ್ ಹೊತ್ತಿಕೊಳ್ಳದಿದ್ದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದು. ಒಂದು ಬೆಳಿಗ್ಗೆ ಗೂಡು ತುಂಬಿಸಿ ಕೀಲಿ ತಿರುಗಿಸಿದರೆ ಬ್ಯಾಟರಿ ಸತ್ತಿತ್ತು. ಕರೆಯದೇ ಜನ ಬಂದರು, ಬಂದವರೇ ತಳ್ಳತೊಡಗಿದರು. ಈ ಗಾಡಿಗೆ ಕ್ಲಚ್ ಇಲ್ಲ, ತಳ್ಳಿದರೆ ಹೊತ್ತಿಕೊಳ್ಳುವುದಿಲ್ಲ, ಇದರ ಜಾತಿಯೇ ಬೇರೆ ಎಂದು ನಾನು ಕಿಟಕಿಯಿಂದ ಕೂಗುತ್ತಲೇ ಇದ್ದೆ. ಊರ ಬಾಗಿಲಿನಿಂದ ಕೆರೆ ಏರಿಯವರೆಗೆ ತಳ್ಳಿದರು. ಬೆವರು ಒರೆಸಿಕೊಂಡು, ಇನ್ನೊಂದು ಸಲ ಎಂದು ಮತ್ತೆ ತಳ್ಳಿದರು.

ಆಮೇಲೆ ನನ್ನ ಮೈದುನ ಟ್ರ್ಯಾಕ್ಟರ್ ತಂದ. ಗಂಡನ ತಮ್ಮ, ಊರಿನಲ್ಲಿ ಯಾವ ವಾಹನದ ಮಾತು ಬಂದರೂ ಕೊನೆಯ ಮಾತು ತನ್ನದೇ ಆಗಬೇಕೆನ್ನುವವನು.

"ಎಳೀಬ್ಯಾಡ ಕಣೋ, ಎಳೆದ್ರೆ ಒಳಗಿಂದು ಸುಟ್ಟೋಗುತ್ತೆ ಅಂತ ಕೊಡುವಾಗ್ಲೇ ಹೇಳಿದ್ರು. ಬ್ಯಾಟರಿ ತರಿಸಿದ್ರೆ ಸಾಕು," ಎಂದೆ.

"ನ್ಯೂಟ್ರಲ್‌ನಾಗೆ ಹಾಕ್ಬುಟ್ರೆ ಯಾವ್ ಗಾಡಿಗೂ ಏನೂ ಆಗಾಕಿಲ್ಲ ಅತ್ಗೆ. ಇದೇನ್ ಮಂತ್ರದ ಗಾಡಿಯಾ? ನೀನ್ ಸುಮ್ಕೆ ಸ್ಟೇರಿಂಗ್ ಹಿಡ್ಕಂಡ್ ಕೂತ್ಕ."

ಹಗ್ಗ ಕಟ್ಟಿದವನು ಮಡಕಶಿರಾ ಬರುವವರೆಗೂ ಹಿಂದಿರುಗಿ ನೋಡಲಿಲ್ಲ. ನಾನು ಹಾರ್ನ್ ಹೊಡೆದರೆ ಕೇಳಬೇಕಲ್ಲ, ಬ್ಯಾಟರಿಯೇ ಸತ್ತಿದೆ. ಪೇಟೆ ಹತ್ತಿರ ಬಂದಂತೆ ಕಾಲಡಿಯಿಂದ ಸುಟ್ಟ ಎಣ್ಣೆಯ ವಾಸನೆ ಏಳತೊಡಗಿತು. ಎಂಜಿನ್ ಓಡದಿದ್ದರೆ ಆ ಗೇರ್ ಬಾಕ್ಸಿನೊಳಗೆ ಎಣ್ಣೆ ಸುತ್ತುವುದಿಲ್ಲ, ಚಕ್ರ ಉರುಳಿದಷ್ಟೂ ಒಣಗಿ ಉಜ್ಜಿಕೊಳ್ಳುತ್ತದೆ. ಅಲ್ಲಿನ ಮೆಕ್ಯಾನಿಕ್ ಕೆಳಗೆ ನುಸುಳಿ ನೋಡಿ, ಗೇರ್ ಬಾಕ್ಸ್ ಮುಗಿಯಿತು, ಇದರ ಸಾಮಾನು ಈ ದೇಶದಲ್ಲಿ ಸಿಗುವುದಿಲ್ಲ ಎಂದ. ಗೂಡನ್ನು ಬೇರೆಯವರ ಆಟೋಗೆ ಹೇರಿ ಕಳಿಸಿದೆ. ಅವತ್ತು ನಾನು ಅತ್ತದ್ದು ನಿಜ, ದುಃಖಕ್ಕಲ್ಲ, ಸಿಟ್ಟಿಗೆ.

ಮೈದುನ ಕ್ಷಮೆ ಕೇಳುವ ಕುಲದವನಲ್ಲ. ಸಂಜೆಯೊಳಗೆ ಅವನ ಬಳಿ ಯೋಜನೆ ತಯಾರಿತ್ತು. ಇದನ್ನು ಗುಜರಿಗೆ ಹಾಕೋಣ, ಮನೆಗೆ ಗೇರ್ ಇರುವ ಒಂದು ಒಳ್ಳೆ ಪಿಕಪ್ ತರೋಣ, ಓಡಿಸಲು ಹೇಗೂ ತಾನಿದ್ದೇನೆ, ಅತ್ತಿಗೆ ಆರಾಮಾಗಿ ಪಕ್ಕದಲ್ಲಿ ಕೂರಲಿ. ಎಲ್ಲರೂ ತಲೆದೂಗಿದರು. ನನ್ನ ಗಂಡ ಕುರಿಗೊಬ್ಬರ ಕೆರೆಯುತ್ತ, "ಅದು ನಿಮ್ಮಿಬ್ರ ಯವಾರ, ನಂಗೇನ್ ಗೊತ್ತಾಗ್ತದೆ," ಎಂದರು. ಅವರು ಎಂದೂ ಯಾರ ಪಕ್ಷವನ್ನೂ ಹಿಡಿದವರಲ್ಲ, ಕುರಿಗಳ ಹೊರತು.

ಪಕ್ಕದಲ್ಲಿ ಕೂರುವುದು. ಅವನಿಗೆ ಬಿಡುವಾದಾಗ ಹೊರಡುವುದು, ಅವನು ಸಾಕೆಂದಾಗ ಮರಳುವುದು. ಮತ್ತೆ ಅದೇ ಬಾಗಿಲುಗಳ ಮುಂದೆ ನಿಲ್ಲುವ ಬಾಳು, ಬಾಗಿಲು ಮಾತ್ರ ನಮ್ಮ ಮನೆಯದೇ. ನನ್ನ ಕೈಯಲ್ಲಿದ್ದದ್ದು ಒಂದೇ ಒಂದು, ಸ್ಟೇರಿಂಗ್ ಮುಂದಿನ ಆ ಸೀಟು. ಅದನ್ನು ಬಿಟ್ಟುಕೊಟ್ಟರೆ ಮತ್ತೆ ಸಿಗುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

"ಗುಜರಿಗೆ ಹಾಕಲ್ಲ. ಇದಕ್ಕೇ ಗೇರ್ ಹಾಕಿಸ್ತೀನಿ. ಕ್ಲಚ್ಚೂ ಹಾಕಿಸ್ತೀನಿ. ನಾನೇ ಓಡಿಸ್ತೀನಿ," ಎಂದೆ.

"ಯಾವ್ ಕಾಲ್ನಾಗೆ?" ಎಂದ ಮೈದುನ.

ಆ ಪ್ರಶ್ನೆಗೆ ಯಾರೂ ಅವನನ್ನು ಗದರಲಿಲ್ಲ. ಒಂದಿಬ್ಬರು ನಕ್ಕರು. ನಾನು ಎದ್ದು ಹೊರಗೆ ಹೋಗಿ ಅಣ್ಣನಿಗೆ ಫೋನ್ ಹಚ್ಚಿದೆ. ಇದನ್ನು ಕೊಳ್ಳಲು ಹೋದಾಗ ಗಣಿಯ ಶೆಡ್ಡಿನಲ್ಲಿ ಇದರದೇ ಜೊತೆಯ ಇನ್ನೊಂದು ಗಾಡಿ, ಕೈಯಲ್ಲಿ ಗೇರ್ ಹಾಕುವಂಥದ್ದು, ಮುಖ ಜಜ್ಜಿಕೊಂಡು ಬಿದ್ದಿದ್ದು ನನಗೆ ನೆನಪಿತ್ತು. ಅದು ಇನ್ನೂ ಅಲ್ಲೇ ಇತ್ತು.

"ನೀ ಯಾಕ ಇಷ್ಟ್ ಹಠ ಹಿಡೀತಿ ತಂಗಿ?" ಎಂದ ಅಣ್ಣ. "ಆ ಮಣಕಾಲ ಇಟಗೊಂಡು ಕ್ಲಚ್ ಒತ್ತಾಕ ಆಕೈತೇನು?"

"ಆಗ್ಲಿಲ್ಲ ಅಂದ್ರ ನಾನೇ ಹೇಳ್ತೀನಿ. ನೀವೆಲ್ಲ ಮೊದ್ಲ ಯಾಕ ಹೇಳ್ತೀರಿ?" ಎಂದೆ. ಸಿಟ್ಟು ಬಂದರೆ ನನ್ನ ಬಾಯಿಗೆ ತವರಿನ ಮಾತೇ ಬರುತ್ತದೆ. ಅಣ್ಣ, ಗಾಡಿಯನ್ನು ಲಾರಿ ಮೇಲೆ ಹೇರಿ ಕಳಿಸು ಎಂದ.

ರಾಯದುರ್ಗದ ಮೆಕ್ಯಾನಿಕ್ಕಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಗಣಿ ಕಾಲದಲ್ಲಿ ತಾನು ಬಿಚ್ಚದ ಗಾಡಿಯಿಲ್ಲ ಎಂಬ ಜಂಬ ಬೇರೆ. ಆದರೂ ಈ ಕೆಲಸವನ್ನು ಅವನೂ ಮಾಡಿರಲಿಲ್ಲ. ಜಜ್ಜಿದ ಗಾಡಿಯಿಂದ ಗೇರ್ ಬಾಕ್ಸ್, ಕ್ಲಚ್, ಪೆಡಲುಗಳನ್ನೆಲ್ಲ ಬಿಚ್ಚಿ ತಂದ. ನನ್ನ ಗಾಡಿಯ ನೆಲ ಕೊರೆದು ಗೇರ್ ಕಡ್ಡಿಗೆ ತೂತು ಮಾಡಿದ. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ರಾಡು ಈಗ ಹೆಚ್ಚಾಗುತ್ತದೆಂದು ಲೇತಿನಲ್ಲಿ ಕತ್ತರಿಸಿದ, ಅತಿಯಾಗಿ ಕತ್ತರಿಸಿ ಮತ್ತೆ ತುಂಡು ಸೇರಿಸಿ ಬೆಸೆದ. ಆ ದಿನ ಅವನ ಶೆಡ್ಡಿನ ಹತ್ತಿರ ನಾಯಿ ಕೂಡ ಸುಳಿಯಲಿಲ್ಲ.

ಹುಳಗಳಿಗೆ ಸೊಪ್ಪು ಹಾಕಲು ಪಕ್ಕದ ಮನೆಯವರಿಗೆ ಹೇಳಿ, ನಾನು ತವರಿನಲ್ಲೇ ಉಳಿದೆ. ಬೆಳಿಗ್ಗೆ ಅಣ್ಣನ ಟ್ರ್ಯಾಕ್ಟರ್ ಹತ್ತಿ, ಎಂಜಿನ್ ಚಾಲೂ ಮಾಡದೆ, ಅದರ ಕ್ಲಚ್ ತುಳಿಯುತ್ತಿದ್ದೆ. ಮೊದಮೊದಲು ಮಂಡಿಯಿಂದ ಒತ್ತಲು ಹೋಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ಗೊತ್ತಾಯಿತು, ಮಂಡಿಯನ್ನು ಕೇಳುವುದೇ ತಪ್ಪು. ಅದು ಮಡಚುವುದಿಲ್ಲ ಎಂದ ಮೇಲೆ ಕಾಲನ್ನು ನೇರ ಇಟ್ಟು ಸೊಂಟದಿಂದ ನೂಕಬೇಕು, ಹಳ್ಳಕ್ಕೆ ಬಿದ್ದ ಗಾಡಿಯ ಚಕ್ರವನ್ನು ಹಾರೆಯಿಂದ ಮೀಟುವ ಹಾಗೆ. ಸೊಂಟಕ್ಕೇನೂ ಟಗರು ಗುಮ್ಮಿರಲಿಲ್ಲ.

ಆದರೆ ಅದಕ್ಕೆ ಪೆಡಲ್ ಇದ್ದಲ್ಲೇ ಇದ್ದರೆ ಆಗುವುದಿಲ್ಲ. ಸೀಟು ಹಿಂದಕ್ಕೆ ಹೋಗಬೇಕು, ಎತ್ತರ ಆಗಬೇಕು, ಕ್ಲಚ್ ಪೆಡಲ್ ಇನ್ನೂ ಎಡಕ್ಕೆ ಬರಬೇಕು. ಆಟೋಮ್ಯಾಟಿಕ್ ಗಾಡಿಯಾದ್ದರಿಂದ ಬ್ರೇಕ್ ಪೆಡಲ್ ಮಣೆಯಷ್ಟು ಅಗಲವಿತ್ತು, ಅದನ್ನೂ ತೆಗೆದು ಚಿಕ್ಕದು ಹಾಕಬೇಕು. ಹೇಳಿದ್ದಕ್ಕೆ ಮೆಕ್ಯಾನಿಕ್ ಸ್ಪ್ಯಾನರ್ ಬಿಸಾಕಿದ.

"ಕಂಪನಿಯವ್ರು ಮಾಡಿದ್ದಕ್ಕಿಂತ ನೀವ್ ಹೆಚ್ ಕಂಡೀರೇನ್ರಿ ಅಕ್ಕಾರ?"

"ಕಂಪನಿಯವ್ರು ನನ್ನ ಕಾಲು ನೋಡಿಲ್ರಿ," ಎಂದೆ.

ಗೊಣಗುತ್ತಲೇ ವೆಲ್ಡಿಂಗ್ ಹೊತ್ತಿಸಿದ. ನಾನು ಸೀಟಿನಲ್ಲಿ ಕೂತು ಕಾಲು ಚಾಚುವುದು, ಅವನು ಸೀಮೆಸುಣ್ಣದಿಂದ ಗುರುತು ಹಾಕುವುದು, ಕಾಲು ತೆಗೆದ ಮೇಲೆ ಬೆಸೆಯುವುದು, ದರ್ಜಿಯ ಬಳಿ ರವಿಕೆಗೆ ಅಳತೆ ಕೊಟ್ಟಂತೆಯೇ ನಡೆಯಿತು. ನನ್ನ ಕಾಲಿಗೆ ಹೊಂದಲಿ ಎಂದು ಯಾರಾದರೂ ಏನನ್ನಾದರೂ ಮಾಡಿದ್ದು ಅದೇ ಮೊದಲು. ಇಲ್ಲಿಯವರೆಗೆ ಎಲ್ಲದಕ್ಕೂ ಕಾಲೇ ಹೊಂದಿಕೊಳ್ಳಬೇಕಿತ್ತು.

ಕೆಲಸ ಮುಗಿಯಿತೆಂದು ತಿಳಿದು ಮೈದುನ ಬಸ್ಸಿನಲ್ಲಿ ಬಂದಿಳಿದ. ಕಣ್ಣಿಗೆ ಕಪ್ಪು ಕನ್ನಡಕ, ಕೊರಳಿಗೆ ಟವೆಲ್. ಗಾಡಿಯನ್ನು ಊರಿಗೆ ತಾನೇ ಹೊಡೆದುಕೊಂಡು ಹೋಗುವುದೆಂದು ಅವನ ಮಟ್ಟಿಗೆ ತೀರ್ಮಾನವಾಗಿತ್ತು. ನಾನು ಅವನಿಗಿಂತ ಮೊದಲೇ ಹೋಗಿ ಸೀಟಿನಲ್ಲಿ ಕೂತೆ. ಮೆಕ್ಯಾನಿಕ್ ಬಾನೆಟ್ಟಿಗೆ ಕೈ ಮುಗಿದು, ಹಚ್ಚಿರಿ ಎಂದ. ಕೀಲಿ ತಿರುಗಿಸಿದೆ. ಟಕ್ ಎಂಬ ಸದ್ದೂ ಇಲ್ಲ.

ಹಾರ್ನ್ ಹೊಡೆಯಿತು, ದೀಪ ಉರಿಯಿತು, ಬ್ಯಾಟರಿಗೆ ಏನೂ ಆಗಿರಲಿಲ್ಲ. ಎಂಜಿನ್ ಎಬ್ಬಿಸುವ ಸೆಲ್ಫ್ ಮಾತ್ರ ಅಲ್ಲಾಡಲಿಲ್ಲ. ಮೆಕ್ಯಾನಿಕ್ ತಲೆ ಕೆರೆದುಕೊಂಡು, ಬೈದುಕೊಂಡು, ಕಡೆಗೆ ಹಣೆ ಚಚ್ಚಿಕೊಂಡ. ಹಳೆಯ ಗೇರ್ ಕಡ್ಡಿ ಗಾಡಿ ನಿಲುಗಡೆಯ ಗುರುತಿನಲ್ಲಿದ್ದರೆ ಮಾತ್ರ ಸೆಲ್ಫಿಗೆ ಕರೆಂಟ್ ಬಿಡುವ ಒಂದು ಸ್ವಿಚ್ ಇತ್ತು. ಅದು ಹಳೆಯ ಬಾಕ್ಸಿನ ಜೊತೆ ಹೋಗಿತ್ತು. ಈಗ ಅದರ ವೈರುಗಳನ್ನು ಹುಡುಕಿ ಸೇರಿಸಬೇಕು, ಆ ಕೆಲಸದವನು ಮದುವೆಗೆಂದು ಬಳ್ಳಾರಿಗೆ ಹೋಗಿದ್ದ.

"ನಾಳಿಗಿ ಮಾಡಿಸಿ ಕೊಡ್ತೀನ್ರಿ," ಎಂದ ಮೆಕ್ಯಾನಿಕ್.

ಮೈದುನನ ಮುಖ ಅರಳಿತು. "ನಾನ್ ಅವತ್ತೇ ಹೇಳ್ಲಿಲ್ವಾ? ಇಳಿಯತ್ಗೆ, ಬಸ್ನಾಗೆ ಹೋಗಾನ. ಸರಿಯಾದ್ ಮೇಲೆ ನಾನೇ ಬಂದು ಹೊಡ್ಕಂಡ್ ಬತ್ತೀನಿ."

ಬಸ್ಸು ಹತ್ತಿದ್ದರೆ ಆಗುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಅವನು ಬಂದು ಗಾಡಿ ಒಯ್ಯುತ್ತಾನೆ, ಊರವರೆಲ್ಲ ಅವನು ಓಡಿಸಿಕೊಂಡು ಬಂದದ್ದನ್ನು ನೋಡುತ್ತಾರೆ, ಆಮೇಲೆ ಕೀಲಿ ಅವನ ಗೂಟದಲ್ಲಿ ನೇತಾಡುತ್ತದೆ. ಆಗ ನನಗೆ ಹೊಳೆಯಿತು. ಅವತ್ತು ಇಡೀ ಊರು ತಳ್ಳಿದರೂ ಹೊತ್ತಿಕೊಳ್ಳದ ಗಾಡಿಗೆ ಈಗ ಕ್ಲಚ್ ಇದೆ.

"ತಳ್ರಿ!" ಎಂದೆ.

ಶೆಡ್ಡಿನಿಂದ ರಸ್ತೆಗೆ ಇಳಿಜಾರು. ಅಣ್ಣ ಬಂದ, ಮೆಕ್ಯಾನಿಕ್ ಬಂದ, ಚಾದಂಗಡಿಯಲ್ಲಿ ಕೂತವರು ಲೋಟ ಇಟ್ಟು ಬಂದರು. ಮೈದುನ ಮಾತ್ರ ನನ್ನ ಬಾಗಿಲ ಬಳಿ ನಿಂತಿದ್ದ.

"ನೀನ್ ಇಳಿ, ನಾನ್ ಕೂತ್ಕಂತೀನಿ. ಕ್ಲಚ್ ಬಿಡೋ ಟೈಮ್ ಗೊತ್ತಾಗ್ಬೇಕು. ನಿನ್ ಕಾಲ್ನಾಗೆ ಆಗಾಕಿಲ್ಲ."

"ಇಲ್ಲಿ ಜಾಗ ಇಲ್ಲಪ್ಪ. ಹಿಂದೆ ಐತೆ ನೋಡು," ಎಂದೆ.

ಅಷ್ಟು ಜನ ನೋಡುತ್ತಿದ್ದರು. ಟವೆಲನ್ನು ತಲೆಗೆ ಸುತ್ತಿ ಹಿಂದೆ ಹೋದ. ನಾನು ಸೊಂಟದಿಂದ ಕಾಲು ನೂಕಿ ಪೆಡಲನ್ನು ನೆಲಕ್ಕೆ ಒತ್ತಿಹಿಡಿದೆ, ಎರಡನೇ ಗೇರಿಗೆ ಹಾಕಿದೆ. ಗಾಡಿ ಉರುಳಿತು. "ಬುಡು! ಬುಡತ್ಗೆ!" ಎಂದು ಮೈದುನ ಕೂಗಿದ. ಬಿಡಲಿಲ್ಲ, ವೇಗ ಇನ್ನೂ ಸಾಲದಿತ್ತು. "ಬುಡು ಅಂದ್ರೆ!" ಎಂದ ಮತ್ತೆ. ಆಗಲೂ ಬಿಡಲಿಲ್ಲ. ರಸ್ತೆ ಹತ್ತಿರ ಬಂತು, ಗಾಳಿ ಕಿಟಕಿಯೊಳಗೆ ನುಗ್ಗಿತು, ಆಗ ನನಗೆ ಸರಿಯೆನಿಸಿದ ಹೊತ್ತಿಗೆ ಬಿಟ್ಟೆ. ಗಾಡಿ ಮುಗ್ಗರಿಸಿತು, ಕೆಮ್ಮಿತು, ಕರಿ ಹೊಗೆಯನ್ನೆಲ್ಲ ಹಿಂದಿನವರ ಮುಖಕ್ಕೆ ಉಗಿದು ಹೊತ್ತಿಕೊಂಡಿತು.

ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಸೀಟಿನ ಮಾತು ಮತ್ತೆ ಏಳುತ್ತದೆ. ಬಲಗಡೆ ಇಣುಕಿ ಅಣ್ಣನಿಗೆ ಕೈ ಬೀಸಿದೆ. ಮೈದುನ ಚೀಲ ಹಿಡಿದು ಓಡಿಬಂದ, ಸ್ವಲ್ಪ ನಿಧಾನ ಮಾಡಿದೆ, ಎಡಗಡೆಯ ಬಾಗಿಲು ತೆರೆದು ಹಾರಿ ಕೂತ. ಕಪ್ಪು ಕನ್ನಡಕ ಎಲ್ಲೋ ಬಿದ್ದುಹೋಗಿತ್ತು.

ಕಲ್ಯಾಣದುರ್ಗ ದಾಟಿದೆವು. ಪಾವಗಡದಲ್ಲಿ ಎಂಜಿನ್ ಆರಿಸದೆಯೇ ನಿಲ್ಲಿಸಿದೆ, ಅವನೇ ಇಳಿದು ಹೋಗಿ ಚಾ ತಂದು ಕಿಟಕಿಯಲ್ಲಿ ಕೊಟ್ಟ. ದಾರಿಯುದ್ದಕ್ಕೂ ನಾನು ಗೇರ್ ಬದಲಾಯಿಸಿದಾಗಲೆಲ್ಲ ಅವನ ಎಡಗಾಲು ತಾನಾಗಿ ನೆಲ ಒತ್ತುತ್ತಿತ್ತು. ನೋಡಿಯೂ ನೋಡದಂತಿದ್ದೆ.

ಮನೆಯ ಮುಂದೆ ನನ್ನ ಗಂಡ ಕುರಿಗಳನ್ನು ದೊಡ್ಡಿಗೆ ಸೇರಿಸುತ್ತಿದ್ದರು. ಗಾಡಿಯನ್ನು ನೋಡಿ, ಎಡಗಡೆಯಿಂದ ಇಳಿದ ತಮ್ಮನನ್ನು ನೋಡಿ, "ಯಾಕ್ಲಾ, ನೀನ್ ಓಡಿಸ್ಲಿಲ್ವಾ?" ಎಂದರು.

"ನಾನ್ ತಳ್ದೆ," ಎಂದು ಅವನು ಒಳಗೆ ಹೋದ.

ಎಂಜಿನ್ ಆರಿಸಿ ಇಳಿದೆ. ಮಂಡಿ ಊದಿಕೊಂಡು ಕುಂಬಳಕಾಯಿಯಾಗಿತ್ತು. ಗಂಡ ಬಗ್ಗಿ ನೋಡಿ, ನೋಯುತ್ತದೆಯೇ ಎಂದು ಕೇಳಿದರು. ನೋಯುತ್ತದೆ ಎಂದೆ. ಇಷ್ಟು ವರ್ಷ ಅದು ಟಗರು ಗುಮ್ಮಿದ್ದಕ್ಕೆ ನೋಯುತ್ತಿತ್ತು, ಇವತ್ತು ದುಡಿದದ್ದಕ್ಕೆ ನೋಯುತ್ತಿದೆ. ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು, ನಾಳೆ ಗೂಡು ಬಿಡಿಸುವವರಿಗೆ ಹೇಳಿಬರಲು ಹೊರಟೆ.