ತೆರಿಗೆ ಬೇಡವೆಂದರು

ಬೇರೆಯವರ ಮಕ್ಕಳನ್ನು ನೋಡಿಕೊಳ್ಳಲು ನನ್ನದೇ ಲೈಸೆನ್ಸ್ ಬಂದ ವಾರ, ತೆರಿಗೆಗೂ ಹೆಸರು ನೋಂದಾಯಿಸಬೇಕೆಂದು ಇಲ್ಲಿ ಗಲ್ಫಿನ ಖಾಲಿದಿಯಾದಲ್ಲಿ ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿಗೆ ಹೋದೆ. ಇಗರ್ಜಿಗೆಂದು ಎತ್ತಿಟ್ಟಿದ್ದ ಸೀರೆ ಉಟ್ಟಿದ್ದೆ. ಡ್ಯೂಟಿಗೆ ಹೋದ ನರ್ಸೊಬ್ಬಳ ಮಗು ನನ್ನ ಹೆಗಲ ಮೇಲೆ ನಿದ್ದೆಹೋಗಿತ್ತು.

ಟೈಪ್ ಮಾಡುವವರು ನಮ್ಮ ಊರಿನ ಕಡೆಯ ಬ್ಯಾರಿ. ನನ್ನ ಸಂಪಾದನೆ ಕೇಳಿ ನಕ್ಕರು. “ಇಷ್ಟಕ್ಕೆಲ್ಲ ಟ್ಯಾಕ್ಸ್ ಉಂಟಾ ಬಾಯಮ್ಮ? ಖಲಾಸ್, ನೆಮ್ಮದಿಯಲ್ಲಿ ಮನೆಗೆ ಹೋಗಿ.”

ನೆಮ್ಮದಿಯಾಗಲಿಲ್ಲ, ಸಿಟ್ಟು ಬಂತು. ಗಂಡನ ವೀಸಾದಲ್ಲಿ ಬಂದವಳು ನಾನು. ಇಷ್ಟು ವರ್ಷ ನನ್ನ ಎಲ್ಲ ಕಾಗದದಲ್ಲೂ ‘ಹೌಸ್‌ವೈಫ್’ ಎಂದೇ ಇತ್ತು. ತೆರಿಗೆ ಕಟ್ಟುವವಳೆಂದು ಒಂದು ಕಡೆಯಾದರೂ ಬರೆಸಿಕೊಳ್ಳಬೇಕೆಂದಿದ್ದೆ.

ನಾನು ಏಳುವಾಗ ಅವರು ಸ್ವರ ತಗ್ಗಿಸಿ ಕೇಳಿದರು: “ನಿಮ್ಮ ಮೊಮ್ಮಗುವಾ?”

“ಅಲ್ಲ,” ಎಂದೆ. “ಇದು ನನ್ನ ಕೆಲಸ.”