ಮೊದಲು ಹೇಳಿದವಳು

ಬಂದರಿನ ಪಕ್ಕದ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಲ್ಯಾಬ್ ಅಕ್ಕ. ನೆಲಮಾಳಿಗೆಯ ಒಂದೇ ಕೋಣೆಯಲ್ಲಿ ಹದಿನೆಂಟು ವರ್ಷ ರಕ್ತ, ಕಫ ಪರೀಕ್ಷೆ ಮಾಡಿದ ಕೈ. ಎರಡು ಸಲ ನೋಡದೆ ಯಾವ ವರದಿಗೂ ಸಹಿ ಹಾಕುವ ಜಾಯಮಾನ ಅವಳದಲ್ಲ.

ಆ ವರ್ಷ ಒಂದೇ ವಾರದಲ್ಲಿ ಐದು ಮಂದಿ ಏದುಸಿರು ಬಿಡುತ್ತ ದಾಖಲಾದರು. ಗೊತ್ತಿದ್ದ ಯಾವ ಜ್ವರವೂ ಪರೀಕ್ಷೆಯಲ್ಲಿ ಕಾಣಲಿಲ್ಲ. ಕಿಟ್ ಕೆಟ್ಟಿರಬೇಕು ಎಂದು ಜೊತೆಯವರು ಕೈತೊಳೆದುಕೊಂಡರು. ಅವಳು ಮಾತ್ರ ಡಾಕ್ಟರಮ್ಮನ ಬೆನ್ನು ಬಿದ್ದು ಮಾದರಿಗಳನ್ನು ರಾಜಧಾನಿಗೆ ಕಳಿಸಿದಳು. ಅದು ಹೊಸ ವೈರಸ್ ಎಂದು ತಿಳಿಯಿತು. ಸರ್ಕಾರ ಅದರ ಪೂರ್ತಿ ವಿವರವನ್ನು ಮುಚ್ಚುಮರೆಯಿಲ್ಲದೆ ಜಗತ್ತಿನ ಮುಂದಿಟ್ಟಿತು.

ಮೂರನೆಯ ದಿನವೇ ಸಿರಿವಂತ ದೇಶಗಳು ಬಾಗಿಲು ಹಾಕಿಕೊಂಡವು. ಇಲ್ಲಿನ ವಿಮಾನ ಅಲ್ಲಿ ಇಳಿಯುವಂತಿಲ್ಲ, ಇಲ್ಲಿನವರು ಅಲ್ಲಿ ಕಾಲಿಡುವಂತಿಲ್ಲ. ಅವಳ ಗಂಡ ಸರಕು ಹಡಗಿನ ಅಡುಗೆಯವನು. ಒಂಬತ್ತು ತಿಂಗಳ ಕೆಲಸ ಮುಗಿಸಿ ಅದೇ ವಾರ ದೂರದ ಬಂದರಿನಲ್ಲಿ ಇಳಿದು ಮನೆಗೆ ಬರಬೇಕಿತ್ತು. ಬೇರೆ ದೇಶದವರೆಲ್ಲ ಇಳಿದರು, ಅವನೊಬ್ಬ ಉಳಿದ.

"ಊರು ಬಿಟ್ಟು ಒಂಬತ್ತು ತಿಂಗಳಾಯ್ತು, ನನಗೆಲ್ಲಿಂದ ಬರುತ್ತೆ ಆ ಜ್ವರ ಅಂದೆ ಕಣೇ," ಎಂದ ಫೋನಿನಲ್ಲಿ. "ಪಾಸ್‌ಪೋರ್ಟ್ ನೋಡ್ತಾರೆ, ಮುಖ ನೋಡಲ್ಲ. ಯಾವ ಪುಣ್ಯಾತ್ಮ ಇದನ್ನ ಕಂಡುಹಿಡಿದನೋ!"

"ನಾನೇ ರೀ."

ಆ ಕಡೆ ಸೌಟು ಪಾತ್ರೆಗೆ ಬಡಿದ ಸದ್ದಾಯಿತು.

"ಒಲೆ ಮೇಲೆ ಪಾತ್ರೆ ಇದೆ. ಇಡ್ತೀನಿ," ಎಂದ.

ಮನೆಯಲ್ಲಿ ಅತ್ತೆಯ ಬಾಯಿಗೆ ಬೀಗ ಇರಲಿಲ್ಲ. "ಎಲ್ಲರೂ ಸುಮ್ಮನಿದ್ರಲ್ಲ, ನಿನಗೇ ಯಾಕೆ ಬೇಕಿತ್ತು ಊರ ಉಸಾಬರಿ?" ವಿಮಾನಗಳು ನಿಂತದ್ದರಿಂದ ಪರೀಕ್ಷೆಯ ಕಿಟ್‌ಗಳೂ ಬರಲಿಲ್ಲ. ರೋಗಿಗಳ ಸಾಲು ಮೆಟ್ಟಿಲವರೆಗೆ ಬಂದಾಗ ಅವಳು ಖಾಲಿ ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ಹೋಗಲು ಮನಸ್ಸಿಲ್ಲ, ಇರಲು ಕೆಲಸವಿಲ್ಲ.

ಆಮೇಲೆ ಬಾಗಿಲು ಹಾಕಿಕೊಂಡಿದ್ದ ದೇಶವೊಂದರಲ್ಲಿ ಹಳೆಯ ಮಾದರಿಗಳನ್ನು ಕೆದಕಿ ನೋಡಿದರು. ಇಲ್ಲಿಗಿಂತ ಒಂದು ತಿಂಗಳು ಮೊದಲೇ ವೈರಸ್ ಅಲ್ಲಿತ್ತು.

"ಬೆಂಕಿ ಬೆಂಕಿ ಅಂತ ಕೂಗಿದವರನ್ನೇ ಒಳಗಿಟ್ಟು ಚಿಲಕ ಹಾಕಿದ್ರು ನೋಡು," ಎಂದರು ಡಾಕ್ಟರಮ್ಮ. ಆದರೂ ಬಾಗಿಲು ತೆರೆಯಲಿಲ್ಲ. ಇಲ್ಲಿಂದ ಹೋದ ವಿವರದಿಂದಲೇ ಹತ್ತು ತಿಂಗಳಲ್ಲಿ ಲಸಿಕೆ ತಯಾರಾಯಿತು. ತಲೆಗೆ ಮೂರು ಡೋಸಿನಂತೆ ಆ ಸಿರಿವಂತ ದೇಶಗಳೇ ಮುಂಗಡ ಕಾದಿರಿಸಿಕೊಂಡಿದ್ದವು. ಐದು ರೋಗಿಗಳ ಗಂಟಲಿಗೆ ಕಡ್ಡಿ ಹಾಕಿದ ಅವಳಿಗೆ ಒಂದು ಹನಿಯೂ ದಕ್ಕಲಿಲ್ಲ.

ಬಾಗಿಲು ಮುಚ್ಚಿದ ಹನ್ನೆರಡನೆಯ ತಿಂಗಳಲ್ಲಿ, ಮುಂದಿನ ವಾರ ಇಳಿಯಲು ಬಿಡುತ್ತಾರೆ ಎಂದು ಗಂಡ ಫೋನ್ ಮಾಡಿದ. ಅತ್ತೆ ಮಗನ ಹಾಸಿಗೆ ಬಟ್ಟೆ ಒಗೆದು ಹಾಕಿದರು. ಅಷ್ಟರಲ್ಲಿ ಕಿಟ್‌ಗಳು ಅಷ್ಟಿಷ್ಟು ಬರತೊಡಗಿದ್ದವು; ಅದೇ ವಾರ ಅವಳ ಮೇಜಿಗೆ ಮೂರು ವಿಚಿತ್ರ ಫಲಿತಾಂಶಗಳು ಬಂದವು. ವೈರಸ್ ರೂಪ ಬದಲಿಸಿದಂತಿತ್ತು.

ಡಾಕ್ಟರಮ್ಮ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳಿದರು. "ಹತ್ತು ದಿನ ತಡೆದು ಕಳಿಸಿದ್ರೆ? ನಿಮ್ಮವರು ಮನೆ ಸೇರಲಿ. ಹೋದ ಸಲ ಹೇಳಿ ಏನು ಬಂತು ನಮಗೆ?"

ಅವಳು ಕೈಗವಸು ಬಿಚ್ಚಿ ಕೂತಳು. ಹೌದು ಎನ್ನಲು ಬಾಯಿಯವರೆಗೂ ಬಂದಿತ್ತು. ಮೂವರಲ್ಲಿ ಒಬ್ಬಳು ಬಸುರಿ, ಹಾಸಿಗೆ ಸಿಗದೆ ಮೇಲಿನ ಪಡಸಾಲೆಯಲ್ಲಿ ಮಲಗಿದ್ದಳು.

"ಕಳಿಸಿಬಿಡಿ, ಡಾಕ್ಟ್ರೇ," ಎಂದಳು. "ನಾನು ಬೇಡ ಅನ್ನೋಕೆ ಮುಂಚೆ."

ಬಾಗಿಲುಗಳು ಮತ್ತೆ ಮುಚ್ಚಿದವು. ಅತ್ತೆ ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟರು.

ಗಂಡ ಬಂದದ್ದು ಮತ್ತೆ ಐದು ತಿಂಗಳಿಗೆ, ಅರ್ಧ ಆಳಾಗಿ. ಆ ತಿಂಗಳೇ ಲಸಿಕೆಯ ಪೆಟ್ಟಿಗೆಗಳೂ ಬಂದವು, ಅವುಗಳ ಅವಧಿ ಮುಗಿಯಲು ಮೂರೇ ವಾರ ಉಳಿದಿತ್ತು. ಮನೆಯಲ್ಲಿ ಗಂಡ ಯಾವ ಕೋಣೆಯ ಬಾಗಿಲನ್ನೂ ಮುಚ್ಚಲು ಬಿಡುತ್ತಿರಲಿಲ್ಲ.

"ಎರಡನೇ ಸಲವೂ ನೀನೇನಾ?" ಎಂದು ಒಂದು ಬೆಳಿಗ್ಗೆ ಕೇಳಿದ.

"ನಾನೇ."

ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ಮೂರನೇ ಸಲ ಬಂದ್ರೆ?"

ಅವಳು ಚೀಲ ಹೆಗಲಿಗೇರಿಸಿ, ಬಾಗಿಲನ್ನು ತೆರೆದೇ ಬಿಟ್ಟು ಕೆಲಸಕ್ಕೆ ಹೊರಟಳು.