ಬಿಸಿ ಮುದ್ದೆಗೆ ಹಾಕಿದ ಪುಡಿ

ದೇವೀರಮ್ಮ ತಪ್ಪು ಮಾಡಲಿಲ್ಲ. ಮಾಡಿದವನು ನಾನು — ಮಾಡಿದ್ದಷ್ಟೇ ಅಲ್ಲ, ಅದನ್ನು ಅವರ ತಲೆಗೆ ಕಟ್ಟಿ, ಹನ್ನೊಂದು ವರ್ಷ ಅದನ್ನೇ ಕಥೆ ಮಾಡಿ ಹೇಳಿಕೊಂಡು ಬಂದವನು. ನನ್ನ ಅಂಗಡಿಯಲ್ಲಿ ನಿಂತು ಆ ಕಥೆ ಕೇಳಿ ನಕ್ಕವರು ಎಷ್ಟೋ ಜನ ಇದ್ದೀರಿ. ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ.

ಚನ್ನರಾಯಪಟ್ಟಣದಲ್ಲಿ, ತೆಂಗಿನಕಾಯಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿ. ದನದ ಹಿಂಡಿ, ಬೂಸಾ, ಜೊತೆಗೆ ನಾಯಿ ಬೆಕ್ಕುಗಳ ಆಹಾರ, ಔಷಧಿ. ಜಂಬ ಎಂದರೆ ಜಂಬ ಎನ್ನಿ — ಈ ಪ್ರಾಣಿಗಳ ಹೊಟ್ಟೆಯ ವಿಷಯದಲ್ಲಿ ಈ ಸೀಮೆಯಲ್ಲಿ ನನ್ನ ಮಾತಿಗೆ ತೂಕವಿದೆ. ಹಾಸನದಲ್ಲಿ ಗಾಜಿನ ಬಾಗಿಲಿನ ಅಂಗಡಿಗಳು ಎಷ್ಟು ಬಂದಿದ್ದರೂ ಜನ ಬೈಕಿನ ಮೇಲೆ ನಾಯಿಮರಿ ಕೂರಿಸಿಕೊಂಡು ಇಲ್ಲಿಗೇ ಬರುತ್ತಾರೆ. ನಾನು ಬಂದವರಿಗೆಲ್ಲ ಹೊಟ್ಟೆ ಸರಿಮಾಡುವ ಪುಡಿಯ ಡಬ್ಬಿ ಮುಂದಿಡುವವನಲ್ಲ. ಏನು ತಿನ್ನಿಸುತ್ತೀರಿ ಎಂದು ಮೊದಲು ಕೇಳುತ್ತೇನೆ. ಹಾಲು ಕುಡಿಸಿ ಕುಡಿಸಿ ಬೆಕ್ಕಿಗೆ ಭೇದಿ ಹಿಡಿಸಿದವರಿಗೆ ಹಾಲು ನಿಲ್ಲಿಸಿ ಎನ್ನುತ್ತೇನೆ. ಈರುಳ್ಳಿ ಸಾರು ಕಲಸಿ ನಾಯಿಗೆ ಹಾಕುವವರಿಗೆ ಬೈಯುತ್ತೇನೆ. ರಕ್ತ ಹೋದರೆ, ಊಟ ಬಿಟ್ಟರೆ, ನನ್ನ ಹತ್ತಿರ ನಿಲ್ಲಬೇಡಿ ಎಂದು ಡಾಕ್ಟರ ಬಳಿಗೆ ಅಟ್ಟುತ್ತೇನೆ. ಇಷ್ಟೆಲ್ಲ ಆದ ಮೇಲೆ ಪುಡಿ. ಕೊಡುವಾಗ ಒಂದೇ ಮಾತು: ಊಟ ಚೆನ್ನಾಗಿ ಆರಿದ ಮೇಲೆ ಉದುರಿಸಿ. ಆ ಮಾತು ಮರೆಯದಿರಲಿ ಎಂದು ಹಿಂದೆಯೇ ದೇವೀರಮ್ಮನ ಕಥೆ ಹೇಳುತ್ತಿದ್ದೆ.

ನಿಜವಾಗಿ ನಡೆದದ್ದು ಬೇರೆ. ಅಂಗಡಿ ತೆರೆದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ಸರೋಜಮ್ಮ ಎಂಬ ನಿವೃತ್ತ ಟೀಚರ್ ಇದ್ದರು, ಅವರಿಗೊಂದು ನಾಯಿ, ರಾಜ. ಅದಕ್ಕೆ ಬೇಯಿಸಿ ಹಾಕುವುದು, ಮೈ ತೊಳೆಯುವುದು, ತಿರುಗಾಡಿಸುವುದು ಎಲ್ಲ ದೇವೀರಮ್ಮನ ಕೆಲಸ. ಊರಾಚೆಯ ಕಾಲೋನಿಯಿಂದ ಬೆಳಿಗ್ಗೆ ಬಂದರೆ ಟೀಚರ ಮನೆ, ಆಮೇಲೆ ಇನ್ನೂ ಎರಡು ಮನೆಯ ನಾಯಿಗಳು. ಯಾರನ್ನೂ ಹತ್ತಿರ ಸೇರಿಸದ ನಾಯಿ ಅವರ ಹಿಂದೆ ಬಾಲ ಆಡಿಸಿಕೊಂಡು ಹೋಗುತ್ತಿತ್ತು. ಬೆಳಗಿನ ಮಲ ನೋಡಿ ನಿನ್ನೆ ಏನು ತಿಂದಿದೆ ಎಂದು ಹೇಳುತ್ತಿದ್ದರು. ನಾಯಿಯನ್ನು ಬಿಟ್ಟು ಊರಿಗೆ ಹೋಗುವುದಾದರೆ ದೇವೀರಮ್ಮನ ಕೈಗೆ ಒಪ್ಪಿಸಿ ಹೋಗಬೇಕು ಎನ್ನುತ್ತಿದ್ದರು ಜನ. ಅವರಿಗೆ ಆಸ್ತಿ ಅಂತ ಇದ್ದದ್ದು ಆ ಹೆಸರೊಂದೇ.

ರಾಜನ ಕಾಲಿಗೆ ಗಾಯವಾಗಿ ಡಾಕ್ಟರು ಆಂಟಿಬಯಾಟಿಕ್ ಕೊಟ್ಟಿದ್ದರು. ಗಾಯ ಮಾಯಿತು, ಹೊಟ್ಟೆ ಕೆಟ್ಟಿತು. ಕರುಳಿನ ಒಳ್ಳೆಯ ಕ್ರಿಮಿಗಳು ಮತ್ತೆ ಹೆಚ್ಚಲೆಂದು ಪ್ರೋಬಯಾಟಿಕ್ ಪುಡಿ ಬರೆದುಕೊಟ್ಟರು. ಚೀಟಿ ಹಿಡಿದು ದೇವೀರಮ್ಮ ಬಂದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ನಾನು ಮಾತಾಡುತ್ತಿದ್ದದ್ದು ಏಕವಚನದಲ್ಲಿ. ಮುದ್ದೆಯಲ್ಲಿ ಬೆರೆಸಿ ಹಾಕು ಎಂದು ಡಬ್ಬಿ ಕೊಟ್ಟೆ. ಅವರು ಹೋಗಲಿಲ್ಲ, ಡಬ್ಬಿಯನ್ನು ತಿರುಗಿಸಿ ನೋಡುತ್ತಾ ನಿಂತರು.

"ಬಿಸೀದ್ಕೆ ಆಕ್ಬೋದಾ ಸಾ? ಇಲ್ಲ ಆರುಸ್ಬುಟ್ಟು ಆಕ್ಬೇಕಾ?"

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ನಾನು ಓದಿರಲಿಲ್ಲ. ತಾಳು, ಓದಿ ಹೇಳುತ್ತೇನೆ ಎನ್ನಬಹುದಿತ್ತು. ಆದರೆ ತೋಟ ತುಡಿಕೆ ಇರುವ ಮನೆಯವನು, ಅಂಗಡಿಯ ಯಜಮಾನ, ಕೂಲಿ ಹೆಂಗಸಿನ ಮುಂದೆ ಗೊತ್ತಿಲ್ಲ ಎನ್ನುವುದೆಂದರೆ — ಆಗ ನನಗೆ ಅದು ಆಗದ ಮಾತು. ಮುದ್ದೆಗೆ ಏನು ಬೆರೆಸುವುದಿದ್ದರೂ ಒಲೆಯ ಮೇಲಿರುವಾಗಲೇ ಬೆರೆಸಬೇಕು, ಕಟ್ಟಿದ ಮೇಲೆ ಬೆರೆಯುವುದಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಆ ಬುದ್ಧಿಯೇ ನಾಲಿಗೆಗೆ ಬಂತು.

"ತೊಳಸುವಾಗ್ಲೇ ಆಕ್ಬುಡು. ಔಸ್ದಿಗೆ ಬಿಸಿ ತಾಕುದ್ರೆ ಏನಾಯ್ತದೆ?"

ಹತ್ತು ದಿನವಾದರೂ ರಾಜನಿಗೆ ಗುಣವಾಗಲಿಲ್ಲ, ಪಕ್ಕೆಲುಬು ಕಾಣತೊಡಗಿತು. ಟೀಚರ್ ನಾಯಿಯನ್ನೂ ದೇವೀರಮ್ಮನನ್ನೂ ಕರೆದುಕೊಂಡು ಅಂಗಡಿಗೆ ಬಂದರು. ಪುಡಿ ಬರೆದುಕೊಟ್ಟ ಡಾಕ್ಟರು ಏನೋ ಕೆಲಸಕ್ಕೆ ಬಂದು ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಪುಡಿ ಹೇಗೆ ಕೊಡುತ್ತಿದ್ದೀರಿ ಎಂದು ಕೇಳಿದರು. ಕುದಿಯುವ ಹಿಟ್ಟಿಗೆ ಹಾಕಿ ತೊಳಸುತ್ತೇನೆ ಎಂದರು ದೇವೀರಮ್ಮ. ಡಾಕ್ಟರು ನಕ್ಕುಬಿಟ್ಟರು. ಅದರಲ್ಲಿರುವುದು ಜೀವವಿರುವ ಕ್ರಿಮಿ, ಕುದಿಯುವ ಹಾಲಿಗೆ ಯಾರಾದರೂ ಹೆಪ್ಪು ಹಾಕುತ್ತಾರೆಯೇ ಎಂದರು.

ನಮ್ಮ ಮನೆಯಲ್ಲಿ ಆಗ ನಾಲ್ಕು ಹಸು. ನನ್ನ ತಾಯಿ ದಿನಾ ಸಂಜೆ ಹಾಲಿಗೆ ಬೆರಳದ್ದಿ ನೋಡಿಯೇ ಹೆಪ್ಪು ಹಾಕುತ್ತಿದ್ದರು. ಅದನ್ನು ನೋಡಿಕೊಂಡು ಬೆಳೆದವನು ನಾನು.

ಟೀಚರ್ ದೇವೀರಮ್ಮನ ಕಡೆ ತಿರುಗಿ, ಹಾಗೆ ಹಾಕಲು ಯಾರು ಹೇಳಿದ್ದು ಎಂದು ಕೇಳಿದರು. ದೇವೀರಮ್ಮ ಹೆಸರು ಹೇಳಲಿಲ್ಲ, ನನ್ನನ್ನು ನೋಡಿದರು. ದೂರುವ ನೋಟವಲ್ಲ ಅದು. ನೀವೇ ಹೇಳಿ ಎಂದು — ನನಗೆ ಸಮಯ ಕೊಟ್ಟರು. ಆ ಸಮಯದಲ್ಲಿ ನಾನು ಹೇಳಿದ್ದು ಇದು:

"ಆರಿಸಿ ಹಾಕು ಅಂತ ನಾನು ಹೇಳೇ ಕಳಿಸಿದ್ದೆ ಟೀಚರ್."

ದೇವೀರಮ್ಮ ರಾಜನ ಸರಪಳಿಯನ್ನು ಟೀಚರ ಕೈಗೆ ಕೊಟ್ಟು, ಅದರ ತಲೆ ಒಮ್ಮೆ ಸವರಿ, ಮೆಟ್ಟಿಲಿಳಿದು ನೆಟ್ಟಗೆ ಹೋದರು. ಅಷ್ಟು ಸ್ವಾಭಿಮಾನದ ನಡಿಗೆಯನ್ನು ನಾನು ಕಂಡಿಲ್ಲ. ನನ್ನ ಜಂಬ ಅದರ ಮುಂದೆ ಏನೂ ಅಲ್ಲ.

ಆರಿದ ಊಟಕ್ಕೆ ಪುಡಿ ಉದುರಿಸಿದ ಮೇಲೆ ರಾಜ ಚೇತರಿಸಿಕೊಂಡಿತು. ಟೀಚರ್ ದೇವೀರಮ್ಮನನ್ನು ಮತ್ತೆ ಕರೆಯಲಿಲ್ಲ. ಉಳಿದೆರಡು ಮನೆಯವರೂ ಬೇರೆಯವರನ್ನು ನೋಡಿಕೊಂಡರು. ದೇವೀರಮ್ಮ ಕೊಣನೂರಿನ ಮಗಳ ಮನೆಗೆ ಹೋಗಿ ಹೊಲದ ಕೂಲಿಗೆ ಸೇರಿದರೆಂದು ಆಮೇಲೆ ಕೇಳಿದೆ. ಕೇಳಿ ಸಮಾಧಾನವೇ ಆಯಿತು — ಎದುರಿಗೆ ಸಿಗುವುದಿಲ್ಲವಲ್ಲ ಎಂದು. ಕಥೆಯನ್ನು ಮೊದಮೊದಲು ಹೇಳಿದ್ದು ಸುಳ್ಳು ಗಟ್ಟಿಯಾಗಲಿ ಎಂದು. ಆಮೇಲೆ ಜನ ನಗುತ್ತಾರೆ ಎಂದು. ಅವರ ಮಾತಿನ ಧಾಟಿ ಅಣಕಿಸುತ್ತಿದ್ದೆ. ಆರಿಸಿ ಹಾಕಬೇಕಾ ಎಂದು ಅವರು ಕೇಳಿದ್ದನ್ನು ಮಾತ್ರ ಎಂದೂ ಹೇಳಲಿಲ್ಲ.

ಆ ಕಥೆಯಿಂದ ಎಷ್ಟೋ ನಾಯಿ ಬೆಕ್ಕುಗಳಿಗೆ ಒಳ್ಳೆಯದಾಗಿದೆ. ಅದರ ಬಗ್ಗೆ ನನಗೆ ಹೆಮ್ಮೆ ಇದೆ, ಇಲ್ಲವೆಂದರೆ ಅದು ಇನ್ನೊಂದು ಸುಳ್ಳು. ಆದರೆ ಆ ಒಳ್ಳೆಯದು ನನ್ನ ತಪ್ಪೆಂದು ಹೇಳಿದ್ದರೂ ಆಗುತ್ತಿತ್ತು. ಅವರ ಹೆಸರು ಬೇಕಿರಲಿಲ್ಲ.

ಹೋದ ತಿಂಗಳು ಹೊಳೆನರಸೀಪುರದಲ್ಲಿ ನೆಂಟರ ಮನೆಗೆ ಹೋಗಿದ್ದೆ. ಸೊಸೆ ನಾಯಿಯ ತಟ್ಟೆಗೆ ಪುಡಿ ಹಾಕಲು ಹೋದಳು. ಅನ್ನ ಇನ್ನೂ ಹೊಗೆಯಾಡುತ್ತಿತ್ತು. ಅತ್ತೆ ಒಳಗಿನಿಂದಲೇ ಗದರಿದರು.

"ಆರ್ಲಿ ತಾಳೇ. ದೇವೀರಮ್ಮನ್ ಕೆಲ್ಸ ಮಾಡ್ಬ್ಯಾಡ."

ಯಾರು ದೇವೀರಮ್ಮ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಯಾರೋ ದಡ್ಡಿಯಂತೆ, ನಾಯಿಯ ಹೊಟ್ಟೆ ಕೆಡಿಸಿದವಳಂತೆ, ಎಲ್ಲರೂ ಹಾಗನ್ನುತ್ತಾರೆ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ಸ್ಥಿತಿ ನನ್ನದು. ಪ್ರಾಣಿ ಕಂಡರೆ ಪ್ರಾಣ ಬಿಡುತ್ತಿದ್ದ ಹೆಂಗಸಿನ ಹೆಸರನ್ನು ನಾನು ದಡ್ಡತನಕ್ಕೆ ಗಾದೆ ಮಾಡಿಟ್ಟಿದ್ದೆ.

ಮರುದಿನವೇ ಅರಕಲಗೂಡಿನ ಬಸ್ಸು ಹತ್ತಿ, ಅಲ್ಲಿಂದ ಕೊಣನೂರಿಗೆ ಹೋದೆ. ದೇವೀರಮ್ಮ ಮನೆ ಮುಂದೆ ಅವರೆಕಾಯಿ ಸುಲಿಯುತ್ತಿದ್ದರು. ಕೈಮುಗಿದು ಎಲ್ಲ ಹೇಳಿದೆ — ಕಥೆಯನ್ನೂ, ಅಣಕವನ್ನೂ, ಗಾದೆಯನ್ನೂ. ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

"ನಂಗ್ಯಾಕ್ ಏಳ್ತೀರಿ ಸಾ? ನಂಗೊತ್ತಲ್ಲ. ಗೊತ್ತಿಲ್ದೋರ್ಗೆ ಏಳೋಗಿ."

ಕ್ಷಮಿಸಿದೆ ಎನ್ನಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ನಾನು ಎದ್ದು ಬಂದೆ.

ಮೊದಲು ಟೀಚರಿಗೆ ಹೇಳಿದೆ. ಅವಳು ಆವತ್ತು ಒಂದು ಮಾತು ಹೇಳಬಹುದಿತ್ತಲ್ಲ ಎಂದರು. ಹೇಳಿದ್ದರೂ ನೀವು ನನ್ನನ್ನೇ ನಂಬುತ್ತೀರೆಂದು ನನಗೆ ಗೊತ್ತಿತ್ತು, ಅದಕ್ಕೇ ಧೈರ್ಯವಾಗಿ ಸುಳ್ಳು ಹೇಳಿದೆ ಎಂದೆ. ಆಮೇಲೆ ಹೊಳೆನರಸೀಪುರದ ಮನೆಗೆ ಮತ್ತೆ ಹೋಗಿ ಹೇಳಿದೆ. ಆ ಅತ್ತೆ ನಕ್ಕು, ಹೋಗಲಿ ಬಿಡಿ, ಬಾಯಿಗೆ ರೂಢಿಯಾಗಿಬಿಟ್ಟಿದೆ ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡಿದ ಮಾತು ಎಷ್ಟು ಮನೆಗಳಲ್ಲಿದೆಯೋ, ಎಲ್ಲ ಬಾಗಿಲಿಗೂ ನಾನು ಹೋಗಲಾರೆ.

ಆದ್ದರಿಂದ ನಿಮ್ಮಲ್ಲಿ ಕೇಳುತ್ತಿದ್ದೇನೆ. ಬಿಸಿ ಊಟಕ್ಕೆ ಯಾರಾದರೂ ಪುಡಿ ಹಾಕಲು ಹೋದರೆ ಖಂಡಿತ ಗದರಿ, ಗಾದೆಯನ್ನೂ ಹೇಳಿ. ದೇವೀರಮ್ಮನ ಹೆಸರು ತೆಗೆದು ಅಲ್ಲಿ ನನ್ನ ಹೆಸರು ಹಾಕಿ. ನನ್ನ ಹೆಸರು ನಿಂಗೇಗೌಡ.